ಹಳೆಯ ಹಾರ್ಮೋನಿಯಂ: ಅದರ ಬೆಲೆ, ಅದರ ನೆಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಅಟ್ಟದ ಸಾಮಾನುಗಳನ್ನು ಕೆಳಗಿಳಿಸುವ ಸಂದರ್ಭ ಬಂದಾಗ, ಒಡೆದ ಕೊಳಗ, ತುಕ್ಕುಹಿಡಿದ ದೀಪ, ಬೇಗಡೆ ಉದುರಿದ ಕಿರೀಟ ಇವುಗಳ ನಡುವೆ ಹಾರ್ಮೋನಿಯಂ ಪೆಟ್ಟಿಗೆಯೊಂದು ಹೊರಬರುವುದುಂಟು. ಮನೆಯ ಮಕ್ಕಳು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ನೆಲಸಿರತಕ್ಕವರು. ಮನೆಯನ್ನು ಕೆಡವಿಸುವುದಕ್ಕೋ ಪಾಲುಮಾಡಿಕೊಳ್ಳುವುದಕ್ಕೋ ಎರಡು ದಿನದ ಮಟ್ಟಿಗೆ ಊರಿಗೆ ಬಂದಿರತಕ್ಕವರು. ಇದಕ್ಕೆ ಬೆಲೆಯುಂಟೆ, ಉಂಟಾದರೆ ಯಾರಿಗೆ ಕೊಡುವುದು ಎಂಬ ಎರಡು ಪ್ರಶ್ನೆಗಳು ಆಗ ಅವರ ಮುಂದೆ ನಿಲ್ಲುತ್ತವೆ. ಗುಜರಿಯವನು ಬಾಗಿಲಲ್ಲಿದ್ದರೆ ಎರಡಕ್ಕೂ ಉತ್ತರ ಐದು ನಿಮಿಷದಲ್ಲಿ ದೊರೆತುಬಿಡುತ್ತದೆ: ಹಿತ್ತಾಳೆ ತಕ್ಕಡಿಗೆ, ಮರ ಒಲೆಗೆ. ಹೀಗಾಗದಂತೆ ನೋಡಿಕೊಳ್ಳುವುದಕ್ಕೆ ಏನೇನು ತಿಳಿದಿರಬೇಕೆಂಬುದೇ ಈ ಹೊತ್ತಿನ ಭಾಷಣದ ವಿಷಯ.

ಮೊದಲು ವಾದ್ಯದ ಕುಲವನ್ನು ತಿಳಿಯೋಣ. ಎದೆಗೆ ತಗುಲಿಹಾಕಿಕೊಂಡು ತಿದಿಯನ್ನು ಎಳೆಯುತ್ತಲೂ ಒತ್ತುತ್ತಲೂ ನುಡಿಸುವ ಅಕಾರ್ಡಿಯನ್ ಎಂಬ ವಾದ್ಯವನ್ನು ಶ್ರೋತೃಗಳು ಚಲನಚಿತ್ರಗಳಲ್ಲಿ ಕಂಡಿರಬಹುದು. ೧೮೨೯ರಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಎಂಬಾತನು ಆ ಹೆಸರಿನ ವಾದ್ಯಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೪೨ರಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ಡೆಬೇನ್ ಎಂಬಾತನು ಹಾರ್ಮೋನಿಯಮ್ಮಿಗೆ ಅಂಥದೇ ಹಕ್ಕನ್ನು ಪಡೆದನು. ಎರಡರ ಒಳಗುಟ್ಟೂ ಒಂದೇ. ಲೋಹದ ಚೌಕಟ್ಟಿನ ಸೀಳಿನಲ್ಲಿ, ಒಂದು ತುದಿಯನ್ನು ಮಾತ್ರ ಬಂಧಿಸಿದ ತೆಳುನಾಲಗೆಯೊಂದು ಇರುತ್ತದೆ. ತಿದಿಯ ಗಾಳಿ ಅದನ್ನು ಹಾದುಹೋಗುವಾಗ ನಾಲಗೆ ಸೀಳಿನೊಳಕ್ಕೂ ಹೊರಕ್ಕೂ ತುಯ್ದಾಡಿ ನಾದವನ್ನು ಕೊಡುತ್ತದೆ. ಇದನ್ನು ನಮ್ಮವರು ರೀಡು ಎನ್ನುತ್ತಾರೆ. ಅಕಾರ್ಡಿಯನ್ನು ನಮ್ಮ ಹಳ್ಳಿಗಳಿಗೆ ಬಂದುದು ಅತಿ ವಿರಳ. ಅದರ ಒಡಹುಟ್ಟಾದ ಹಾರ್ಮೋನಿಯಮ್ಮಾದರೋ ಊರೂರಿಗೂ ಬಂತು. ಯೂರೋಪಿನಿಂದ ಮೊದಲು ಬಂದುದು ಕಾಲಿನಿಂದ ತಿದಿಯೊತ್ತುವ ಬಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು, ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿಯಾಡಿಸುತ್ತ ಇನ್ನೊಂದು ಕೈಯಲ್ಲಿ ನುಡಿಸುವ ಸಣ್ಣ ಪೆಟ್ಟಿಗೆಯನ್ನು ಪ್ರಚಾರಕ್ಕೆ ತಂದರು. ಇಂದು ಭಜನೆಗಳಲ್ಲಿ ಕಾಣುವುದೆಲ್ಲ ಆ ಸಂತತಿಯದು.

ಮಂಡ್ಯದ ಸೀಮೆಯಲ್ಲಿ ಕಾಲು ಹಾರ್ಮೋನಿಯಮ್ಮಿಗೆ ದೊರೆತ ಗೌರವಕ್ಕೆ ನಾಟಕವೇ ಕಾರಣ. ಗುಬ್ಬಿ ವೀರಣ್ಣನವರ ಮಂಡಲಿಯಂಥ ದೊಡ್ಡ ಕಂಪನಿಗಳು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಕುರುಕ್ಷೇತ್ರವನ್ನು ಆಡಿ ತೋರಿಸಿದ ತರುವಾಯ, ಹಳ್ಳಿಯ ರೈತರು ತಮ್ಮ ತಮ್ಮ ಊರುಗಳಲ್ಲಿಯೇ ಅದನ್ನು ಆಡತೊಡಗಿದರು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಊರಿನವರು ಸೇರಿ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಗೊತ್ತುಮಾಡುವರು. ಮೇಷ್ಟ್ರು ಎರಡು ಮೂರು ತಿಂಗಳು ರಾತ್ರಿಯ ಹೊತ್ತು ಪಾಠ ಹೇಳುವರು. ಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸೈಂಧವನಿಗೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕಿ, ಸೀನರಿಯನ್ನೂ ವೇಷವನ್ನೂ ಬಾಡಿಗೆಗೆ ತರಿಸುವರು. ಹಣ ತೆತ್ತು ಬಣ್ಣ ಹಚ್ಚಿಕೊಳ್ಳುವ ಕಲಾವಿದನನ್ನು ಪಟ್ಟಣದವರು ಕಂಡು ನಗುವುದುಂಟು. ಟಿಕೆಟ್ಟು ಕೊಂಡು ನಿದ್ದೆ ಮಾಡುವ ರಸಿಕನಿಗಿಂತ ಆತನೇ ಮೇಲೆಂದು ನನ್ನ ಅಭಿಪ್ರಾಯ. ಈ ಪದ್ಧತಿ ಈಗಲೂ ನಿಂತಿಲ್ಲ.

ಮೇಷ್ಟ್ರೆಂದರೆ ಬರಿಯ ವಾದಕರಲ್ಲ. ಓದುಬರಹ ಅಷ್ಟಾಗಿ ಬಾರದವನ ಬಾಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವವರು ಅವರು. ಕಂದ, ವೃತ್ತ, ಸೀಸಪದ್ಯಗಳಿಗೆ ರಾಗ ಹಾಕುವವರು ಅವರು. ನಾಟಕದ ದಿನ ರಂಗದ ಮುಂದೆ ಕುಳಿತು, ಮಾತು ಮರೆತವನಿಗೆ ಒಂದು ಸ್ವರ ಹಿಡಿದು ಧೈರ್ಯ ತುಂಬುವವರೂ ಅವರೇ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ರಾತ್ರಿಯಿಡೀ, ಸಾವಿರ ಜನರ ಗದ್ದಲವನ್ನು ಮೀರಿ ಕೇಳಿಸಬೇಕಾದ ವಾದ್ಯಕ್ಕೆ ಎರಡು ಕೈಗಳೂ ಬೇಕಾಗಿದ್ದುವು. ತಿದಿಯ ಕೆಲಸ ಕಾಲಿನ ಪಾಲಿಗೆ ಹೋಯಿತು. ಇದಕ್ಕೆ ಮೊದಲು ಈ ಸೀಮೆಯಲ್ಲಿದ್ದ ಮೂಡಲಪಾಯದ ಯಕ್ಷಗಾನಕ್ಕೆ ಮುಖವೀಣೆಯೇ ಸ್ವರವಾದ್ಯ. ಹಾರ್ಮೋನಿಯಂ ಅದರ ಜಾಗಕ್ಕೆ ಬಂತೆನ್ನುವುದಕ್ಕಿಂತ, ಹೊಸದೊಂದು ಆಟದೊಡನೆ ಬಂದು ಪಕ್ಕದಲ್ಲಿ ಕುಳಿತಿತೆನ್ನುವುದು ಸರಿಯಾದೀತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಪೆಟ್ಟಿಗೆ ಊರಿನದಾಗಿರದೆ ಸಾಮಾನ್ಯವಾಗಿ ಮೇಷ್ಟ್ರದೇ ಸ್ವಂತ ಸೊತ್ತಾಗಿರುತ್ತಿತ್ತು. ಅವರು ಕಾಲವಾದ ಮೇಲೆ ಅದು ಮಕ್ಕಳ ಪಾಲಿಗೆ ಬರುತ್ತದೆ. ಮಕ್ಕಳಿಗೆ ನುಡಿಸಲು ಬಾರದು. ಈಚೆಗೆ ನಾಟಕದ ರಂಗಕ್ಕೆ ವಿದ್ಯುತ್ತಿನ ಕೀಬೋರ್ಡು ಬಂದು, ನುಡಿಸಬಲ್ಲವರಿಗೂ ಭಾರವಾದ ಹಳೆಯ ಪೆಟ್ಟಿಗೆಯನ್ನು ಹೊರುವ ಅಗತ್ಯ ತಪ್ಪಿದೆ. ಹೀಗೆ ಪೆಟ್ಟಿಗೆ ಅಟ್ಟಕ್ಕೇರುತ್ತದೆ. ಅದರ ಜೊತೆಗೆ ಇನ್ನೊಂದು ವಸ್ತುವೂ ಏರಿರುತ್ತದೆ. ಬೆಲೆಯ ಮಾತಿಗೆ ಮುಂಚೆ ಅದನ್ನು ಹೇಳಿಬಿಡುತ್ತೇನೆ. ಅದು ಮೇಷ್ಟ್ರ ಕೈಬರಹದ ಪುಸ್ತಕ. ಎಣ್ಣೆ ಜಿಡ್ಡು ಹಿಡಿದ, ಹೊಲಿಗೆ ಬಿಚ್ಚಿದ ಆ ನೋಟುಪುಸ್ತಕದಲ್ಲಿ ಯಾವ ಪದ್ಯಕ್ಕೆ ಯಾವ ರಾಗ, ಯಾವ ಹಾಡಿಗೆ ಯಾವ ಹಳೆಯ ಮಟ್ಟು, ಯಾವ ಪಾತ್ರಧಾರಿಗೆ ಎಷ್ಟು ಮನೆಯ ಶ್ರುತಿ ಎಂಬುದೆಲ್ಲ ಬರೆದಿರುತ್ತದೆ. ಅಚ್ಚಾದ ನಾಟಕದ ಪುಸ್ತಕದಲ್ಲಿ ಮಾತೂ ಹಾಡಿನ ಸಾಹಿತ್ಯವೂ ದೊರೆಯುತ್ತವೆ; ಅದನ್ನು ಈ ಊರಿನಲ್ಲಿ ಹೇಗೆ ಹಾಡುತ್ತಿದ್ದರೆಂಬುದು ಮಾತ್ರ ದೊರೆಯದು. ಗುಜರಿಯವನು ಹಾರ್ಮೋನಿಯಮ್ಮಿನ ಹಿತ್ತಾಳೆಗಾದರೂ ನಾಲ್ಕು ಕಾಸು ಕೊಟ್ಟಾನು, ಪುಸ್ತಕವನ್ನು ರದ್ದಿಯ ಕಟ್ಟಿಗೆ ಸೇರಿಸಿಬಿಡುತ್ತಾನೆ. ಆದುದರಿಂದ ಪೆಟ್ಟಿಗೆಯನ್ನು ಯಾರಿಗೆ ಕೊಟ್ಟರೂ ಪುಸ್ತಕವನ್ನು ಅದರಿಂದ ಅಗಲಿಸಬಾರದು. ಕೊಡುವ ಮೊದಲು ಪುಟಪುಟವನ್ನೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಈಗ ಎಲ್ಲರ ಜೇಬಿನಲ್ಲಿಯೂ ಅದಕ್ಕೆ ತಕ್ಕ ಯಂತ್ರವಿದೆ.

ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದೆಂಬ ವಾದವನ್ನು ವಿದ್ಯಾವಂತರ ಮನೆಗಳಲ್ಲಿ ಹೆಚ್ಚಾಗಿ ಕೇಳುತ್ತೇವೆ. ಅದರ ಮನೆಗಳ ನಡುವಣ ಅಂತರ ಕಡಿದಿಟ್ಟಂತೆ ಸ್ಥಿರವಾದುದು, ಗಮಕಕ್ಕೆ ಎಡೆಯಿಲ್ಲ, ಸೂಕ್ಷ್ಮಶ್ರುತಿಗಳು ಬರುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ಸತ್ಯವುಂಟು. ಆಲ್ ಇಂಡಿಯಾ ರೇಡಿಯೋ ೧೯೪೦ನೆಯ ಇಸವಿ ಮಾರ್ಚಿ ೧ರಿಂದ ಈ ವಾದ್ಯವನ್ನು ತನ್ನ ನಿಲಯಗಳಿಂದ ಬಹಿಷ್ಕರಿಸಿತು. ೧೯೭೧ರ ಹೊತ್ತಿಗೆ ಕಟ್ಟು ಸ್ವಲ್ಪ ಸಡಿಲವಾಯಿತು. ಅಷ್ಟು ಹೊತ್ತಿಗಾಗಲೇ ನಮ್ಮ ನಾಡಿನವರೇ ಆದ ರಾಮ ಕಲ್ಲೋ ಬಿಜಾಪುರೆಯವರು ಬೆಳಗಾವಿಯಲ್ಲಿ ಈ ದೂಷಿತ ಪೆಟ್ಟಿಗೆಯಿಂದಲೇ ರಾಗದ ಛಾಯೆಗಳನ್ನು ಹೊರಡಿಸಿ ತೋರಿಸುತ್ತಿದ್ದರು. ಪಂಡಿತರ ವಾದ ಏನೇ ಆಗಲಿ, ಅದರಿಂದ ಒಂದು ಕೆಡುಕಾಯಿತು. ಹಳೆಯ ವೀಣೆಯನ್ನು ಕಂಡರೆ ಜೋಪಾನ ಮಾಡುವ ಕುಟುಂಬದವರು ಹಳೆಯ ಹಾರ್ಮೋನಿಯಮ್ಮನ್ನು ಕಂಡರೆ ಕೀಳೆಂದು ಭಾವಿಸುವ ರೂಢಿ ಬಿತ್ತು.

ಇನ್ನು ಬೆಲೆ. ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಹೊರಗಣ ಮರವನ್ನು, ಮೆರುಗನ್ನು, ಮುಚ್ಚಳದ ಮೇಲಿನ ಹೆಸರನ್ನು. ಕಬ್ಬಿನ ಉದ್ದವನ್ನು ನೋಡಿ ಬೆಲ್ಲದ ಲೆಕ್ಕ ಹಾಕುವ ರೈತ ಪಾಂಡವಪುರದಲ್ಲಿ ಇರಲಾರ; ರಸವನ್ನು ನೋಡುತ್ತಾನೆ. ಹಾರ್ಮೋನಿಯಮ್ಮಿನ ರಸ ಅದರ ರೀಡಿನಲ್ಲಿದೆ. ತಿದಿ ಹರಿದಿದ್ದರೆ ಹೊಸತು ಹಾಕಿಸಬಹುದು, ತೊಗಲು ಹೋಗಿದ್ದರೆ ಅಂಟಿಸಬಹುದು, ಮರ ಸೀಳಿದ್ದರೆ ಬಡಗಿ ಕೂಡಿಸಿಯಾನು. ಒಳ್ಳೆಯ ರೀಡು ಹೋದರೆ ಅದಕ್ಕೆ ಜೋಡಿ ದೊರೆಯುವುದು ಕಷ್ಟ. ಹಳೆಯ ಪೆಟ್ಟಿಗೆಗಳಲ್ಲಿ ಪ್ಯಾರಿಸಿನ ಇಲ್ಲವೆ ಜರ್ಮನಿಯ ರೀಡುಗಳಿರುವುದುಂಟು, ವಾದಕರು ಅವುಗಳನ್ನು ಬಹಳವಾಗಿ ಮೆಚ್ಚುತ್ತಾರೆ. ನಮ್ಮ ದೇಶದಲ್ಲಿಯೂ ಗುಜರಾತಿನ ಪಾಲಿಟಾಣಾ ಎಂಬ ಊರು ರೀಡಿನ ತಯಾರಿಕೆಗೆ ಹೆಸರಾದುದು. ಮುಚ್ಚಳ ತೆರೆದು, ಒಳಹಲಗೆಯನ್ನು ಎತ್ತಿಸಿ, ರೀಡಿನ ಮೇಲೆ ತಯಾರಕರ ಮುದ್ರೆಯುಂಟೆ, ಎಲ್ಲವೂ ಒಂದೇ ಕುಲದವೆ, ನಡುವೆ ಬೇರೆ ಜಾತಿಯವನ್ನು ಸೇರಿಸಿದ್ದಾರೆಯೆ ಎಂಬುದನ್ನು ನೋಡಬೇಕು.

ಅರದ ಗುರುತುಗಳನ್ನು ಮುಖ್ಯವಾಗಿ ನೋಡಬೇಕು. ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಇಳಿಯುತ್ತದೆ. ಶ್ರುತಿಮಾಡುವವನ ವಿದ್ಯೆಯ ತಿರುಳೆಲ್ಲ ಇಷ್ಟೇ. ಆದರೆ ಕೆರೆದ ಲೋಹ ಮರಳಿ ಬಾರದು. ಅವಸರದ ಕೈ ಒಂದು ಸಲ ತುದಿಯನ್ನೂ ಇನ್ನೊಂದು ಸಲ ಬುಡವನ್ನೂ ಕೆರೆದು ಕೆರೆದು, ನಾಲಗೆ ಕಾಗದದಂತಾಗಿ ಒಂದು ದಿನ ಮುರಿಯುತ್ತದೆ. ಆಳವಾದ ಗೀರುಗಳು ತುಂಬಿದ ರೀಡುಗಳಿದ್ದರೆ ಮೇಲಣ ಹೆಸರು ಎಷ್ಟು ದೊಡ್ಡದಾದರೂ ಬೆಲೆಯನ್ನು ಇಳಿಸಲೇಬೇಕು.

ಶ್ರುತಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಈಗಿನ ಕೀಬೋರ್ಡುಗಳು ಸೆಕೆಂಡಿಗೆ ೪೪೦ ಕಂಪನಗಳ ಪ್ರಮಾಣವನ್ನು ಅನುಸರಿಸುತ್ತವೆ. ಇದು ೧೯೩೯ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಅಳತೆ. ಅದಕ್ಕೆ ಹಿಂದೆ ಫ್ರಾನ್ಸಿನಲ್ಲಿ ೧೮೫೯ರಲ್ಲಿ ಸರ್ಕಾರವೇ ಗೊತ್ತುಮಾಡಿದ ಅಳತೆ ೪೩೫. ಈ ಎರಡರ ಅಂತರ ಅರ್ಧಸ್ವರದಲ್ಲಿ ಸುಮಾರು ಐದನೆಯ ಒಂದು ಪಾಲು. ಆದುದರಿಂದ ಹಳೆಯ ಪ್ಯಾರಿಸಿನ ಪೆಟ್ಟಿಗೆಯೊಂದು ಎಲ್ಲ ಮನೆಗಳಲ್ಲಿಯೂ ಸಮನಾಗಿ ಕೊಂಚ ಇಳಿದು ನುಡಿದರೆ ಅದು ರೋಗವಲ್ಲ, ಅದರ ಹುಟ್ಟುಗುಣ. ಇದನ್ನರಿಯದೆ ಕೀಬೋರ್ಡಿಗೆ ಸರಿಮಾಡಲೆಂದು ನೂರಾರು ನಾಲಗೆಗಳನ್ನು ಕೆರೆಸುವುದು ಅನ್ಯಾಯ. ಒಂದು ಮನೆ ಏರಿ ಇನ್ನೊಂದು ಇಳಿದು ಅಡ್ಡಾದಿಡ್ಡಿಯಾಗಿದ್ದರೆ ಮಾತ್ರ ಶ್ರುತಿಮಾಡಿಸಬೇಕು. ಕೈಯ ಫೋನಿನಲ್ಲಿಯೇ ಕಂಪನಗಳನ್ನು ಎಣಿಸಿ ತೋರಿಸುವ ಸಾಧನಗಳು ಈಗ ಧರ್ಮಕ್ಕೆ ದೊರೆಯುತ್ತವೆ. ಒಂದು ಕಾಗದದ ಮೇಲೆ ಪ್ರತಿ ಮನೆಯ ಅಂಕಿಯನ್ನು ಬರೆದುಕೊಂಡರೆ ವಾದ್ಯದ ಜಾತಕವೇ ಸಿದ್ಧವಾದಂತೆ.

ತಿದಿಯ ಪರೀಕ್ಷೆ ಸುಲಭ. ಎಲ್ಲ ಸ್ಟಾಪರುಗಳನ್ನೂ ಮುಚ್ಚಿ, ಗಾಳಿಯನ್ನು ತುಂಬಿ, ಕೈಬಿಟ್ಟು ನೋಡಿ. ನಿಧಾನವಾಗಿ ಇಳಿದರೆ ಕ್ಷೇಮ. ನಿಟ್ಟುಸಿರಿಟ್ಟಂತೆ ಒಮ್ಮೆಗೇ ಕುಸಿದರೆ ಎಲ್ಲಿಯೋ ಸೋರಿಕೆಯಿದೆ. ಕಾಲುವೆಯ ನೀರಿನ ಬಯಲಿನಲ್ಲಿ, ಎಂದರೆ ಶ್ರೀರಂಗಪಟ್ಟಣ ಪಾಂಡವಪುರಗಳ ಕಡೆ, ತೇವದಿಂದ ಮರ ಉಬ್ಬಿ ಮನೆಗಳು ಒತ್ತಿದಲ್ಲಿಯೇ ನಿಲ್ಲುವುದೂ ತೊಗಲಿಗೆ ಬೂಷ್ಟು ಹಿಡಿಯುವುದೂ ಹೆಚ್ಚು. ಒಣನೆಲದ ನಾಗಮಂಗಲದ ಕಡೆ ಬೇಸಗೆಯಲ್ಲಿ ಹಲಗೆ ಬಿರಿದು ಗಾಳಿ ಸೋರುತ್ತದೆ. ಇಲಿಗೂ ಗೆದ್ದಲಿಗೂ ತಾಲ್ಲೂಕಿನ ಭೇದವಿಲ್ಲ. ಈ ದೋಷಗಳು ಕಣ್ಣಿಗೆ ಭಯಂಕರವಾಗಿ ಕಂಡರೂ ಬೆಲೆಯನ್ನು ಅಷ್ಟಾಗಿ ಕೆಡಿಸತಕ್ಕವಲ್ಲ.

ಬಿಳಿಯ ಮನೆಗಳ ಹೊದಿಕೆಯನ್ನು ಕುರಿತು ಒಂದು ಎಚ್ಚರಿಕೆ. ಯೂರೋಪಿನಿಂದ ಬಂದ ಕೆಲವು ಹಳೆಯ ವಾದ್ಯಗಳಲ್ಲಿ ಅದು ಆನೆಯ ದಂತವಾಗಿರಬಹುದು. ದಂತದ ಮೇಲೆ ನವುರಾದ ಗೆರೆಗಳು ಕಾಣುತ್ತವೆ. ಸೆಲ್ಯುಲಾಯಿಡು ಉದ್ದಕ್ಕೂ ಒಂದೇ ಸಮನಾಗಿರುತ್ತದೆ. ಬೆಂಕಿ ಮುಟ್ಟಿಸಿ ಪರೀಕ್ಷಿಸುವ ಸಾಹಸ ಬೇಡ, ಸೆಲ್ಯುಲಾಯಿಡು ಭಗ್ಗನೆ ಹತ್ತಿಕೊಳ್ಳುವ ಪದಾರ್ಥ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವೂ ಅದರ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ನಿಷೇಧಿಸಿರುವುದರಿಂದ, ಅಂಥ ವಾದ್ಯವನ್ನು ಮಾರುವ ಮಾತೆತ್ತುವ ಮುನ್ನ ಅರಣ್ಯ ಇಲಾಖೆಯವರಲ್ಲಿ ವಿಚಾರಿಸುವುದೇ ಕ್ಷೇಮ. ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳುಹಿಸುವುದಕ್ಕೂ ಅದೇ ವರ್ಷದ ಪುರಾತನ ವಸ್ತುಗಳ ಶಾಸನ ಅಡ್ಡಬರಬಹುದು.

ಹಾಗಾದರೆ ಎಷ್ಟು ರೂಪಾಯಿ? ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ, ಲೆಕ್ಕದ ದಾರಿಯುಂಟು. ಅದೇ ಅಳತೆಯ, ಅಷ್ಟೇ ಸಾಲು ರೀಡುಗಳ ಹೊಸ ಪೆಟ್ಟಿಗೆಯ ಬೆಲೆಯನ್ನು ಅಂಗಡಿಯಲ್ಲಿ ವಿಚಾರಿಸಿ, ಅದರಿಂದ ದುರಸ್ತಿಯ ಖರ್ಚನ್ನು ಕಳೆಯಬೇಕು. ರೀಡು ಉತ್ತಮ ಜಾತಿಯದಾಗಿ, ಅಲುಗದೆ ಉಳಿದಿದ್ದರೆ ಮೇಲೆ ಕೊಂಚ ಏರಿಸಬಹುದು. ದುರಸ್ತಿಯ ಖರ್ಚನ್ನು ರಿಪೇರಿಯವರೊಬ್ಬರಿಂದ ಬರೆಯಿಸಿಕೊಳ್ಳಿ. ಕೊಳ್ಳಲು ಬಂದವರೇ ರಿಪೇರಿಯವರಾಗಿದ್ದರೆ ಇನ್ನೊಬ್ಬರನ್ನೂ ಕೇಳಿ. ಮಡಿಸಿ ಪೆಟ್ಟಿಗೆಯಾಗಿ ಮಾಡಬಹುದಾದ ಕಾಲು ಹಾರ್ಮೋನಿಯಂ ಪೂರ್ಣವಾಗಿ ಉಳಿದಿದ್ದರೆ ಅದರ ಗಣನೆಯೇ ಬೇರೆ. ಅಲಂಕಾರದ ಅಂಗಡಿಯವರು ಅಂಥದಕ್ಕೆ ಒಳ್ಳೆಯ ಹಣ ಕೊಡುವುದುಂಟು. ಕೊಂಡು, ಒಳಗಿನದನ್ನು ಬರಿದುಮಾಡಿ, ಹೋಟೆಲಿನ ಹಜಾರದಲ್ಲಿ ಹೂಕುಂಡದ ಪೀಠವಾಗಿ ನಿಲ್ಲಿಸುವುದೂ ಉಂಟು.

ಅಕಾರ್ಡಿಯನ್ ದೊರೆತವರಿಗೆ ಎರಡು ಮಾತು. ಅದರ ರೀಡು ಉಕ್ಕಿನದು, ಆದುದರಿಂದ ಹಿತ್ತಾಳೆಯಂತಲ್ಲದೆ ತುಕ್ಕು ಹಿಡಿಯುತ್ತದೆ. ರೀಡುಗಳನ್ನು ಮೇಣದಿಂದ ಕೂರಿಸಿರುವುದರಿಂದ ಹೆಂಚಿನ ಕೆಳಗಣ ಸೆಕೆಗೆ ಮೇಣ ಮೆತ್ತಗಾಗಿ ಅವು ಕಳಚಬಹುದು. ಪ್ರತಿ ಮನೆಯನ್ನೂ ತಿದಿ ಎಳೆಯುವಾಗ ಒಮ್ಮೆ, ಒತ್ತುವಾಗ ಒಮ್ಮೆ ನುಡಿಸಿ ನೋಡಬೇಕು, ಎರಡಕ್ಕೂ ಬೇರೆ ಬೇರೆ ನಾಲಗೆಗಳಿವೆ. ಇದಕ್ಕೆ ನೆಲೆಯನ್ನು ಹಳ್ಳಿಯಲ್ಲಿ ಹುಡುಕುವುದಕ್ಕಿಂತ ಮೈಸೂರು ಬೆಂಗಳೂರುಗಳ ವಾದ್ಯಗೋಷ್ಠಿಯವರಲ್ಲಿ ಹುಡುಕುವುದು ಉಚಿತ.

ನೆಲೆಯ ವಿಚಾರಕ್ಕೆ ಬಂದಾಗ ಶ್ರೀರಂಗಪಟ್ಟಣದವರು ಒಂದು ಕಥೆಯನ್ನು ನೆನೆಯಬೇಕು. ಟಿಪ್ಪೂ ಸುಲ್ತಾನನ ಅರಮನೆಯಲ್ಲಿ, ಬಿದ್ದ ಮನುಷ್ಯನ ಮೇಲೆರಗಿದ ಮರದ ಹುಲಿಯೊಂದಿತ್ತು. ಅದರ ಹೊಟ್ಟೆಯೊಳಗೆ ತಿದಿಯೂ ಕೊಳವೆಗಳೂ ೧೮ ಮನೆಗಳೂ ಉಳ್ಳ ಸಣ್ಣ ಆರ್ಗನ್ನು ಅಡಗಿತ್ತು. ಅದು ರೀಡಿನ ವಾದ್ಯವಲ್ಲ, ಕೊಳವೆಯ ವಾದ್ಯ. ಆದರೂ ತಿದಿಯ ಬಳಗಕ್ಕೆ ಸೇರಿದುದು. ೧೭೯೯ರ ಲೂಟಿಯಲ್ಲಿ ಅದು ಲಂಡನ್ನಿಗೆ ಹೋಯಿತು. ೧೮೦೮ರಿಂದ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಪ್ರದರ್ಶನಕ್ಕಿಟ್ಟಾಗ ಬಂದವರೆಲ್ಲ ಹಿಡಿಯನ್ನು ತಿರುವಿ ಹುಲಿಯನ್ನು ಗರ್ಜಿಸುವಂತೆ ಮಾಡಿ, ಪಕ್ಕದಲ್ಲಿ ಓದುತ್ತಿದ್ದವರಿಗೆ ತಲೆನೋವು ತಂದರು. ಎರಡನೆಯ ಮಹಾಯುದ್ಧದಲ್ಲಿ ಮಾಳಿಗೆ ಕುಸಿದು ಅದು ನೂರಾರು ಚೂರಾಯಿತು. ೧೯೪೭ರಲ್ಲಿ ಅದನ್ನು ಮತ್ತೆ ಜೋಡಿಸಿದರು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇದೆ. ವಸ್ತುಸಂಗ್ರಹಾಲಯ ವಾದ್ಯದ ದೇಹವನ್ನು ಕಾಪಾಡುತ್ತದೆ, ಆದರೆ ಅಲ್ಲಿ ಅದು ಮೌನಿಯಾಗುತ್ತದೆ.

ಆದಕಾರಣ ನುಡಿಯಬಲ್ಲ ಪೆಟ್ಟಿಗೆಯನ್ನು ಮೊದಲು ನುಡಿಸುವವರಿಗೆ ಕೊಡಬೇಕೆಂದೂ, ರೀಡು ಪೂರ್ತಿಯಾಗಿ ಹಾಳಾದುದನ್ನು ಮಾತ್ರ ಸಂಗ್ರಹಾಲಯಕ್ಕೆ ಕಳುಹಬೇಕೆಂದೂ ನನ್ನ ಸೂಚನೆ. ನಾಗಮಂಗಲ ತಾಲ್ಲೂಕಿನವರೇ ಆದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ, ಅದೇ ತಾಲ್ಲೂಕಿನ ಜೀ. ಶಂ. ಪರಮಶಿವಯ್ಯನವರು ದುಡಿದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವೂ ಇಂಥ ವಸ್ತುಗಳ ಮಹತ್ವವನ್ನು ಬಲ್ಲ ಸ್ಥಳಗಳು. ಮೊದಲೇ ಕಾಗದ ಬರೆದು, ಚಿತ್ರ ಕಳುಹಿಸಿ, ಅವರಿಗೆ ಬೇಕೆ ಎಂದು ಕೇಳತಕ್ಕದ್ದು. ಲಾರಿಯಲ್ಲಿ ಹೇರಿಕೊಂಡು ಬಾಗಿಲಿಗೆ ಹೋಗುವುದು ಸೌಜನ್ಯವಲ್ಲ.

ನುಡಿಸುವವರನ್ನು ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. ಊರೂರಿನ ರಾಮಮಂದಿರದಲ್ಲಿ, ಭಜನೆಮನೆಯಲ್ಲಿ ವಾರಕ್ಕೊಮ್ಮೆ ಸೇರುವ ಮಂಡಲಿಗೆ ಕೈಪೆಟ್ಟಿಗೆ ಯಾವಾಗಲೂ ಬೇಕು. ಕೃಷ್ಣರಾಜಪೇಟೆಯ ಕಡೆ, ಕೆ. ಎಸ್. ನರಸಿಂಹಸ್ವಾಮಿಯವರ ಹುಟ್ಟೂರಾದ ಕಿಕ್ಕೇರಿಯ ಸುತ್ತಮುತ್ತ, ಅವರ ಗೀತೆಗಳನ್ನು ಮಕ್ಕಳಿಗೆ ಕಲಿಸುವ ಶಿಕ್ಷಕಿಯೊಬ್ಬರಿಗೆ ಹಗುರವಾದ, ಶ್ರುತಿ ಸರಿಯಾದ ಪೆಟ್ಟಿಗೆ ದೊರೆತರೆ ಅದು ದಿನವೂ ಹಾಡುತ್ತದೆ. ಕಾಲು ಹಾರ್ಮೋನಿಯಂ ಹೋಗಬೇಕಾದುದು ನಾಟಕ ಕಲಿಸುವ ಮೇಷ್ಟ್ರ ಬಳಿಗೆ. ಅವರಲ್ಲಿ ವಯಸ್ಸಾದವರಿಗಿಂತ ಮೂವತ್ತು ನಾಲ್ವತ್ತರ ಒಳಗಿನವರನ್ನು ಆರಿಸುವುದು ಲೇಸು, ಇಲ್ಲವಾದರೆ ಹತ್ತು ವರ್ಷದಲ್ಲಿ ಅದೇ ಪೆಟ್ಟಿಗೆ ಇನ್ನೊಂದು ಅಟ್ಟವನ್ನೇರೀತು. ೪೩೫ರ ಹಳೆಯ ಶ್ರುತಿಯದಾದರೆ ಕೀಬೋರ್ಡಿನ ಜೊತೆ ಕೂಡದೆಂದು ಮೊದಲೇ ತಿಳಿಸಿ, ಒಂಟಿಯಾಗಿ ಹಾಡುವವರಿಗೆ ಕೊಡಬೇಕು. ಸಂಸ್ಥೆಗೆ ಕೊಡುವುದಕ್ಕಿಂತ ವ್ಯಕ್ತಿಗೆ ಕೊಡುವುದು ಮೇಲೆಂಬುದು ನನ್ನ ಮತ. ಎಲ್ಲರ ಪೆಟ್ಟಿಗೆಯ ತಿದಿಯನ್ನು ಯಾರೂ ಹೊಲಿಸುವುದಿಲ್ಲ. ಸಂಸ್ಥೆಗೇ ಕೊಡುವುದಾದರೆ ಯಾರ ವಶದಲ್ಲಿರುತ್ತದೆಂಬುದನ್ನು ಬರೆಯಿಸಿಕೊಳ್ಳಿ.

ಬಡ ಕಲಾವಿದರಿಗೆ ಪುಕ್ಕಟೆಯಾಗಿ ಕೊಡಬೇಕೆ ಎಂದು ಕೇಳುವವರುಂಟು. ದುರಸ್ತಿಯನ್ನು ತಾವು ಮಾಡಿಸಿ, ಸಾಧಾರಣ ಬೆಲೆಯೊಂದನ್ನು ಕಂತಿನಲ್ಲಿ ಪಡೆಯುವುದು ಇಬ್ಬರ ಮಾನಕ್ಕೂ ಒಳ್ಳೆಯದು. ಜೊತೆಗೆ ಒಂದು ಹಾಳೆಯಲ್ಲಿ ಮೇಷ್ಟ್ರ ಹೆಸರು, ಊರು, ಅವರು ಕಲಿಸಿದ ನಾಟಕಗಳು, ಪೆಟ್ಟಿಗೆ ಮನೆಗೆ ಬಂದ ಕಾಲ, ಈಗ ಮಾಡಿಸಿದ ರಿಪೇರಿ ಇಷ್ಟನ್ನು ಬರೆದು ಮುಚ್ಚಳದ ಒಳಮೈಗೆ ಅಂಟಿಸಬೇಕು.

ಸಾಗಿಸುವಾಗ ತಿದಿಯನ್ನು ಮುಚ್ಚಿ ಕೊಂಡಿ ಹಾಕಿ, ಸ್ಟಾಪರುಗಳನ್ನು ಒಳಕ್ಕೆ ತಳ್ಳಿ, ಮನೆಗಳ ಮೇಲೆ ಮಡಿಸಿದ ಬಟ್ಟೆಯನ್ನು ಹಾಸಿ ಮುಚ್ಚಳವನ್ನು ಕಟ್ಟಬೇಕು. ಬಸ್ಸಿನ ಮೇಲಟ್ಟಕ್ಕೆ ಹಾಕಬಾರದು, ಮಳೆಯ ದಿನ ಹೊರಡಬಾರದು. ಹೊಸ ಮನೆಯನ್ನು ಸೇರಿದ ಮೇಲೆ ನೆಲದ ತೇವಕ್ಕೆ ತಗುಲದಂತೆ ಮಣೆಯ ಮೇಲಿಟ್ಟು, ಎರಡು ಮೂರು ವಾರ ಆ ಊರಿನ ಹವೆಗೆ ಮರ ಹೊಂದಿಕೊಂಡ ತರುವಾಯವೇ ಶ್ರುತಿಮಾಡುವವರನ್ನು ಕರೆಯಿಸತಕ್ಕದ್ದು.